ನಿದ್ದೆಗೆ ಕರೆಯುವವರು

ಕಲ್ಯಾಣದುರ್ಗ
10 ನವೆಂಬರ್ 2024

ಅಪ್ಪಾ,

ತೀರ್ಥರೂಪು, ಸಾಷ್ಟಾಂಗ ಯಾವುದೂ ಇಲ್ಲದೆ ಶುರು ಮಾಡುತ್ತಿದ್ದೇನೆ. ಫೋನಿನಲ್ಲಿ ಕಿರುಚಿದರೆ ನಿನಗೆ ಕೇಳುವುದಿಲ್ಲ, ಇಲ್ಲಿ ಪಕ್ಕದ ಮನೆಗಳಿಗೆಲ್ಲ ಕೇಳುತ್ತದೆ. ಅದಕ್ಕೇ ಕಾಗದ.

ಹಿಂದೂಪುರದ ಪಾಠ ಮುಗಿಯಿತು, ಇನ್ನು ಬೀದಿಯಲ್ಲಿ ಕಲಿಕೆ. ಸಮಾಜಕಾರ್ಯ ಅಂದರೆ ಏನಮ್ಮ ಅಂತ ನೀನು ಹುಣಸೆಹಣ್ಣಿನ ಮಂಡಿಯಲ್ಲಿ ಎಲ್ಲರೆದುರು ಕೇಳಿದ್ದೆಯಲ್ಲ. ಕಷ್ಟದಲ್ಲಿ ಕುಸಿದವರ ಜೊತೆ ಕೂತು, ಅವರು ತಮ್ಮ ಕಾಲ ಮೇಲೆ ತಾವೇ ಏಳುವ ಹಾಗೆ ಮಾಡುವುದು. ದಾನವಲ್ಲ, ಉಪದೇಶವೂ ಅಲ್ಲ. ನಿನ್ನ ಮಂಡಿಗೆ ಬರುವ ರದ್ದಿ ಕಟ್ಟುಗಳಿಂದ ನಾನು ಆರಿಸಿಟ್ಟುಕೊಂಡ ಕಿರುಹೊತ್ತಿಗೆಗಳಲ್ಲಿ ಇದ್ದದ್ದೂ ಇದೇ. ಹುಣಸೆಹಣ್ಣು ಕಟ್ಟುವ ಕಾಗದ ಅಂತ ನೀನು ನಗುತ್ತಿದ್ದೆ.

ನಮ್ಮ ತರಬೇತಿ ನೋಡಿಕೊಳ್ಳುವ ಭ್ರಮರಾಂಬ ಮೇಡಂ ಒಂದು ಕೈಪಿಡಿ ಕೊಟ್ಟಿದ್ದಾರೆ. ಯಾವುದೋ ಚಳಿದೇಶದಲ್ಲಿ ಬರೆದದ್ದು, ತೆಲುಗಿಗೆ ತಿರುಗಿಸಿದ್ದಾರೆ. ಕೇಸಿನವರ ಮನೆಯಲ್ಲಿ ಉಣ್ಣಬಾರದು. ಮಾತಾಡುವಾಗ ಮೂರನೆಯವರು ಇರಬಾರದು. ಅವರನ್ನು ನಮ್ಮ ಮನೆಗೆ ಕರೆದುಕೊಂಡು ಹೋಗಲೇಬಾರದು. ನಮ್ಮ ಸ್ವಂತ ವಿಷಯ ಕೇಳಿದರೆ ಪ್ರಶ್ನೆಯನ್ನು ಅವರಿಗೇ ತಿರುಗಿಸಬೇಕು.

ಮೊದಲ ದಿನವೇ ತಿರುಗಿಸಿದೆ. ನನ್ನ ಕೋಣೆಯ ಎದುರುಮನೆ ಪೋಲಮ್ಮಜ್ಜಿ ಬಂದು, “ಯಾರ್ ಮಗ್ಳಮ್ಮ ನೀನು? ಅಪ್ಪ ಏನ್ ಮಾಡ್ತಾನೆ?” ಅಂದಳು.

“ಅದನ್ನ ತಿಳ್ಕೊಳ್ಳೋದು ನಿಮಗೆ ಯಾಕೆ ಮುಖ್ಯ ಅನ್ಸುತ್ತೆ ಅಜ್ಜಿ?” ಅಂದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಅಯ್ಯೋ, ಅಪ್ಪನ್ ಹೆಸ್ರು ಹೇಳಕ್ಕಾಗ್ದಂಗೆ ಏನ್ ಮಾಡ್ಕಂಡ್ ಬಂದ್ಯೇ? ಓಡ್ಬಂದ್ಬುಟ್ಯಾ?”

ಸಂಜೆಯೊಳಗೆ ಬೀದಿಗೆಲ್ಲ ನಾನು ಓಡಿಬಂದ ಹುಡುಗಿ. ಇಬ್ಬರು ಹೆಂಗಸರು ಸಕ್ಕರೆ ಕೇಳುವ ನೆಪದಲ್ಲಿ ಬಂದು, ಹುಡುಗ ಕೋಣೆಯಲ್ಲಿದ್ದಾನಾ ಅಂತ ಇಣುಕಿ ಹೋದರು.

ನನಗೆ ಸಿಕ್ಕಿರುವ ಮೊದಲ ಕೇಸು ಗಂಗುಲಮ್ಮ ಅಂತ. ಶ್ರಾವಣದಲ್ಲಿ ಗಂಡ ತೀರಿಕೊಂಡಿದ್ದಾರೆ. ಅಂದಿನಿಂದ ಹೊಸ್ತಿಲು ದಾಟಿಲ್ಲ. ಆಕೆಯನ್ನು ಹೊರಗೆ ತರುತ್ತೇನೆ, ನೋಡುತ್ತಿರು.

ಮೌನಿಕಾ


ಹಿಂದೂಪುರ
19 ನವೆಂಬರ್ 2024

ಮಗಳು ಮೌನಿಕಾಗೆ,

ಕಾಗದ ತಲುಪಿತು. ನನ್ನ ಹೆಸರು ಅಮರೇಶಪ್ಪ. ಹಿಂದೂಪುರದಲ್ಲಿ ಹುಣಸೆಹಣ್ಣಿನ ಮಂಡಿ. ಕೇಳಿದವರಿಗೆ ಹೇಳು, ಕದ್ದ ಮಾಲೇನಲ್ಲ. ಊಟಕ್ಕೆ ಕರೆದರೆ ಉಣ್ಣು. ಆ ಕೈಪಿಡಿ ಬರೆದವರಿಗೆ ಹಸಿವೆ ಆಗುತ್ತಿರಲಿಲ್ಲವೋ ಏನೋ.

ಗೋರಂಟ್ಲದಿಂದ ನಿನ್ನ ಚಂದ್ರಕಲಾ ಅತ್ತೆ ಬಂದಿದ್ದಳು. ಹುರಿಗಡಲೆ ಉಂಡೆ ತಂದಿದ್ದಳು. ನಿನ್ನ ಪಾಲು ತೆಗೆದಿಟ್ಟಿದ್ದೆ, ಹಮಾಲಿಗಳು ಮುಗಿಸಿದರು. ನಾನು ಈಗ ಮಂಡಿಯಲ್ಲೇ ಮಲಗುತ್ತಿದ್ದೇನೆ. ಮಾಲು ಬರುವ ಕಾಲ, ಕಾವಲು ಬೇಕು. ಆದ್ದರಿಂದ ಕಾಗದ ಮಂಡಿ ವಿಳಾಸಕ್ಕೇ ಹಾಕು. ಮನೆಯಲ್ಲಿ ಪೋಸ್ಟಿನವನಿಗೆ ಬಾಗಿಲು ತೆಗೆಯುವವರಿಲ್ಲ.

ಇಂತಿ,
ಎಂ. ಅಮರೇಶಪ್ಪ


ಕಲ್ಯಾಣದುರ್ಗ
1 ಡಿಸೆಂಬರ್ 2024

ಅಪ್ಪಾ,

ಹುಣಸೆ ಬರುವುದು ಶಿವರಾತ್ರಿ ಹೊತ್ತಿಗೆ. ಕಾರ್ತಿಕದಲ್ಲಿ ಯಾವ ಮಾಲು, ಯಾವ ಕಾವಲು? ಉತ್ತರ ಬೇಕು.

ನಿನ್ನ ಹೆಸರು ಹೇಳಿದೆ. ಪೋಲಮ್ಮಜ್ಜಿ, “ಅಂಗನ್ನು ಮತ್ತೆ! ಇಷ್ಟು ದಿನ ಬಾಯಲ್ಲಿ ಹುಣ್ಸೆಹಣ್ಣು ಇಟ್ಕಂಡಿದ್ಯಾ?” ಅಂದು ತಾನೇ ನನ್ನ ಕೈಹಿಡಿದು ಗಂಗುಲಮ್ಮನ ಮನೆಗೆ ಕರೆದುಕೊಂಡು ಹೋದಳು. ಮೂರನೆಯವರು ಇರಬಾರದು ಅಂತ ಹೇಳಲು ಬಾಯಿ ತೆರೆದೆ. ಅಜ್ಜಿ ಆಗಲೇ ಕಾಲು ಚಾಚಿ ಕೂತಾಗಿತ್ತು.

ಗಂಗುಲಮ್ಮ ಗಟ್ಟಿ ಹೆಂಗಸು ಅಪ್ಪಾ. ಈ ಬೀದಿಯ ಅರ್ಧ ಮಕ್ಕಳಿಗೆ ಎಳೆಯರಿದ್ದಾಗ ನೀರು ಎರೆದ ಕೈ. ಈಗ ಅವಳ ಒಬ್ಬಳೇ ಮಗಳು ಶ್ರೀಲತಾ ಚೊಚ್ಚಲ ಬಸುರಿ. ಹಿಂದಿನ ಬೀದಿಯಲ್ಲೇ ಗಂಡನ ಮನೆ. ಸಂಕ್ರಾಂತಿ ಕಳೆದ ಮೇಲೆ ಹೆರಿಗೆ. ಬಾಣಂತನ ಮಾಡಬೇಕಾದವಳು ಇಲ್ಲಿ ಗೋಡೆಗೆ ಒರಗಿ ಕೂತಿದ್ದಾಳೆ. ಯಾಕೆ? “ನಿದ್ದೆ” ಆಗಿಲ್ಲವಂತೆ.

ನಮ್ಮೂರಿನ ಬೇರೆ ಮನೆಗಳಲ್ಲೂ ನೀನು ಇದನ್ನು ಕಂಡಿರುತ್ತೀಯ. ಸತ್ತವರ ಕರ್ಮ ಮುಗಿದ ಮೇಲೆ ತವರಿನವರು ಬಂದು ಕರೆದುಕೊಂಡು ಹೋಗಿ, ಒಂದು ರಾತ್ರಿ ತಮ್ಮ ಮನೆಯಲ್ಲಿ ಮಲಗಿಸಿ, ಬೆಳಿಗ್ಗೆ ತಲೆಗೆ ನೀರು ಹಾಕಿ ಕಳಿಸಬೇಕು. ಅದಕ್ಕೇ ನಿದ್ದೆ ಅಂತ ಹೆಸರು. ಅದಾಗುವ ತನಕ ಇನ್ನೊಬ್ಬರ ಹೊಸ್ತಿಲು ದಾಟುವಂತಿಲ್ಲ, ಅದರಲ್ಲೂ ಬಸುರಿ ಬಾಣಂತಿಯ ಮನೆಗೆ ಕಾಲಿಡುವಂತಿಲ್ಲ. ಇವಳನ್ನು ಯಾರೂ ಕರೆದಿಲ್ಲ. ತವರಿನಲ್ಲಿ ಉಳಿದಿರುವುದು ಒಬ್ಬ ಅಣ್ಣ, ಸೋಮಂದೇಪಲ್ಲಿಯಲ್ಲಿ. ಅವನು ಬಂದಿಲ್ಲ.

ನಾನು ಕೇಳಿದೆ: “ಯಾರೋ ಕರೆಯದಿದ್ರೆ ನೀವು ಸಾಯೋವರ್ಗೂ ಹಿಂಗೇ ಕೂತಿರ್ತೀರಾ?”

“ಕರೀತಾರೆ ಕಣಮ್ಮ,” ಅಂದಳು ಮೆಲ್ಲಗೆ.

ನನಗೆ ತಡೆಯಲಾಗಲಿಲ್ಲ. ನಮ್ಮ ಮನೆಯ ವಿಷಯ ಹೇಳಿಬಿಟ್ಟೆ. ನಾವು ಲಿಂಗಾಯತರು, ನಮ್ಮಲ್ಲಿ ಸೂತಕವೇ ಇಲ್ಲ. ಹೋದ ವರ್ಷ ಅಮ್ಮ ತೀರಿಕೊಂಡಾಗ ಮೂರನೇ ದಿನಕ್ಕೆ ಅಪ್ಪ ಮಂಡಿ ಬಾಗಿಲು ತೆಗೆದರು, ನಾನು ಕಾಲೇಜಿಗೆ ಹೋದೆ, ಯಾರ ಮನೆಗೆ ಏನಾಯಿತು ಅಂದೆ. ಅವಳು ಸುಮ್ಮನೆ ನನ್ನ ಮುಖ ನೋಡಿದಳು. ನನ್ನ ಮಾತು ನಾಟಿದೆ ಅನ್ನಿಸುತ್ತದೆ.

ಬರುವ ಭಾನುವಾರ ನಾನೇ ಕೈಹಿಡಿದು ಮಗಳ ಮನೆಗೆ ಕರೆದುಕೊಂಡು ಹೋಗುತ್ತೇನೆ.

ಮೌನಿಕಾ


ಹಿಂದೂಪುರ
7 ಡಿಸೆಂಬರ್ 2024

ಮಗಳು ಮೌನಿಕಾಗೆ,

ಇದು ಭಾನುವಾರದೊಳಗೆ ತಲುಪುವುದಿಲ್ಲ ಅಂತ ಗೊತ್ತಿದ್ದೂ ಬರೆಯುತ್ತಿದ್ದೇನೆ. ತಕ್ಕಡಿಯಲ್ಲಿ ತೂಕ ಏರುತ್ತಿರುವಾಗ ಕಲ್ಲು ಎಸೆಯಬಾರದು, ಇಡಬೇಕು. ಆ ಹೆಂಗಸಿನ ಜೊತೆ ನಿಧಾನವಾಗಿ ಹೋಗು.

ಇಲ್ಲಿ ಚಳಿ ಜಾಸ್ತಿ. ಅಮ್ಮ ಹೆಣೆದ ಕಂದು ಸ್ವೆಟರು ನಿನ್ನ ಪೆಟ್ಟಿಗೆಯಲ್ಲಿದೆಯಾ? ಇಲ್ಲದಿದ್ದರೆ ಮನೆಯಲ್ಲಿರಬೇಕು. ನಾನು ಆ ಕಡೆ ಹೋದಾಗ ನೋಡುತ್ತೇನೆ.

ಇಂತಿ,
ಎಂ. ಅಮರೇಶಪ್ಪ


ಕಲ್ಯಾಣದುರ್ಗ
22 ಡಿಸೆಂಬರ್ 2024

ಅಪ್ಪಾ,

ಆ ಕಡೆ ಹೋದಾಗ ಅಂತ ಬರೆದಿದ್ದೀಯ. ಆ ಕಡೆ ಅಂದರೆ ನಮ್ಮ ಮನೆ. ನಾನು ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಭಾನುವಾರದ ಸುದ್ದಿ ಹೇಳುತ್ತೇನೆ. ಗಂಗುಲಮ್ಮ ಬಂದಳು. ಒಗೆದ ಸೀರೆ ಉಟ್ಟು, ಸೆರಗು ಹೊದ್ದು, ನನ್ನ ಕೈಹಿಡಿದು ಬಂದಳು. ಗೆದ್ದೆ ಅಂದುಕೊಂಡೆ. ಶ್ರೀಲತಾಳ ಮನೆ ಮುಂದೆ ಹೋದೆವು. ಬಾಗಿಲು ತೆರೆದೇ ಇತ್ತು. ಶ್ರೀಲತಾ ಒಳಗೆ ನಡುಮನೆಯಲ್ಲಿ ಹೊಟ್ಟೆಗೆ ಕೈ ಆನಿಸಿ ನಿಂತಿದ್ದಳು. ಅವಳ ಅತ್ತೆ ಶಿವಲಕ್ಷ್ಮಮ್ಮ ಬೈಯಲಿಲ್ಲ, ಬಾಗಿಲು ಹಾಕಲಿಲ್ಲ. ಒಂದು ಚೊಂಬಿನಲ್ಲಿ ನೀರು ತಂದು ಜಗುಲಿಯ ಮೇಲೆ ಇಟ್ಟಳು, ಅಷ್ಟೇ. ಗಂಗುಲಮ್ಮ ಜಗುಲಿಯಲ್ಲಿ ಕೂತಳು. ಒಳಗಿಂದ ಮಗಳು “ಬಾಮ್ಮಾ” ಅನ್ನಲಿಲ್ಲ. ಹೊರಗಿಂದ ತಾಯಿ ಏಳಲಿಲ್ಲ. ಎದುರುಬದುರು, ನಡುವೆ ಹೊಸ್ತಿಲು. ಎತ್ತರ ಒಂದು ಗೇಣೂ ಇಲ್ಲ.

“ಒಳಗೆ ಹೋಗಿ,” ಅಂದೆ. ಜೋರಾಗಿಯೇ ಅಂದೆ. ಬೀದಿ ನೋಡುತ್ತಿತ್ತು.

ಗಂಗುಲಮ್ಮ ಎದ್ದು, ಆ ನೀರನ್ನು ಕುಡಿಯದೆ, ಮನೆಗೆ ನಡೆದಳು. ತನ್ನ ಬಾಗಿಲ ಹತ್ತಿರ ತಿರುಗಿ, “ಮನೇಲಿದ್ದಾಗ ಕಾಯ್ತಾ ಅವ್ಳೆ ಅಂತಿದ್ರು. ಈಗ ಬೀದೀಲ್ ಕೂತ್ಲು ಅಂತಾರೆ. ಹೋಗಮ್ಮ, ನಿನ್ ಕೆಲ್ಸ ನೋಡ್ಕ,” ಅಂದಳು. ಮರುದಿನ ಹೋದರೆ ಅಗುಳಿ ಹಾಕಿತ್ತು. ಮೂರನೇ ದಿನವೂ.

ನಾನು ಸೋಮಂದೇಪಲ್ಲಿಗೆ ಹೋದೆ. ಅಣ್ಣ ವೆಂಕಟರಾಯಪ್ಪನ ಮೇಲೆ ಕೂಗಾಡಬೇಕು ಅಂತ ಬಸ್ಸಿನಲ್ಲೆಲ್ಲ ಮಾತು ಜೋಡಿಸಿಕೊಂಡಿದ್ದೆ. ಅವನೋ ನನ್ನನ್ನು ಕೂರಿಸಿ, ಕಡಲೆಕಾಯಿ ಬೇಯಿಸಿ ಮುಂದಿಟ್ಟ. ಫಾಲ್ಗುಣಕ್ಕೆ ಮಗನ ಮದುವೆ ಗೊತ್ತಾಗಿದೆಯಂತೆ. ಮದುವೆಯ ಮನೆಗೆ ಸೂತಕದವರನ್ನು ಮಲಗಲು ಕರೆದರೆ ಹೆಣ್ಣಿನ ಕಡೆಯವರು ಒಪ್ಪುವುದಿಲ್ಲ. “ಪೆಳ್ಳಿ ಅಯಿಪೋನೀ ತಲ್ಲೀ, ನೇನೇ ವಸ್ತಾ,” ಅಂದ. ಮದುವೆ ಮುಗಿಯಲಿ, ನಾನೇ ಹೋಗಿ ಕರೀತೀನಿ ಅಂತ. ಹೇಳುವಾಗ ನೆಲ ನೋಡುತ್ತಿದ್ದ. ಫಾಲ್ಗುಣದ ಹೊತ್ತಿಗೆ ಮಗು ಹುಟ್ಟಿ ತಿಂಗಳು ದಾಟಿರುತ್ತದೆ ಅಂತ ಅವನಿಗೂ ಗೊತ್ತು.

ಬೇರೆ ಯಾರಾದರೂ ಕರೆಯಬಹುದಾ ಅಂತ ಪೋಲಮ್ಮಜ್ಜಿಯನ್ನು ಕೇಳಿದೆ. “ಕರದೋರೇ ತವ್ರು ಕಣೇ. ಆದ್ರೆ ಯಾರ್ ಕರೀತಾರೆ? ಒಳಕ್ ಕರ್ಕಂಡ್ರೆ ಅವ್ರ ಮನೇಗೆ ಅಂಟ್ಕಂತದೆ ಅಂತ ಭಯ. ಒಡಹುಟ್ದೋರು ಮಾತ್ರ ಆ ಭಯ ನುಂಗ್ತಾರೆ,” ಅಂದಳು. ನೀನು ಕರೀತೀಯಾ ಅಂದೆ. “ನಮ್ಮನೇಲಿ ಮೊಮ್ಮಗು ಐತಲ್ಲ,” ಅಂದು ಎದ್ದು ಹೋದಳು.

ಸಿಟ್ಟು ಬರುತ್ತಿದೆ ಅಪ್ಪಾ. ಯಾರ ಮೇಲೆ ಅಂತ ಗೊತ್ತಾಗುತ್ತಿಲ್ಲ.

ಮೌನಿಕಾ


ಹಿಂದೂಪುರ
29 ಡಿಸೆಂಬರ್ 2024

ಮಗಳು ಮೌನಿಕಾಗೆ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮಂಡಿ ಸದ್ದಿನಲ್ಲಿ ಓದುವುದು ನನಗೆ ಸುಲಭ, ಸದ್ದೇ ಕೇಳುವುದಿಲ್ಲವಲ್ಲ.

ನಮ್ಮಲ್ಲಿ ಸೂತಕ ಇಲ್ಲ ಅಂತ ಅವಳಿಗೆ ಹೇಳಿ ಬಂದಿದ್ದೀಯ. ಸರಿಯೇ. ಸೂತಕವೇ ಇಲ್ಲದ ಮನೆಗೆ ಅಂಟಿಕೊಳ್ಳುವುದು ಏನಿದೆ? ಹಾಗಾದರೆ ನಾವೇ ಕರೆಯಬಹುದಲ್ಲ. ಈ ಮಾತನ್ನು ಇಷ್ಟು ವರ್ಷ ನಾವು ಬೇರೆಯವರ ಬಾಯಿ ಮುಚ್ಚಿಸಲು ಉಪಯೋಗಿಸಿದ್ದೇವೆ. ಬಾಗಿಲು ತೆಗೆಯಲು ಒಂದು ಸಲ ಉಪಯೋಗಿಸಿ ನೋಡೋಣ.

ನಿದ್ದೆಯನ್ನು ನಂಬು ಅಂತ ಯಾರೂ ನಿನಗೆ ಹೇಳುತ್ತಿಲ್ಲ. ಕರೆ ಅನ್ನುತ್ತಿದ್ದಾರೆ. ಎರಡೂ ಬೇರೆ.

ಕರೆಯಲು ನಾನೇ ಬರುತ್ತೇನೆ. ಗಂಡಸೊಬ್ಬನೇ ಬಂದರೆ ಚೆನ್ನಾಗಿರುವುದಿಲ್ಲ, ಚಂದ್ರಕಲಾ ಜೊತೆಗಿರುತ್ತಾಳೆ. ಆ ತಾಯಿ ಒಪ್ಪುತ್ತಾಳಾ ಕೇಳಿ ಬರಿ.

ಇಂತಿ,
ಎಂ. ಅಮರೇಶಪ್ಪ


ಕಲ್ಯಾಣದುರ್ಗ
7 ಜನವರಿ 2025

ಅಪ್ಪಾ,

ಬಾಗಿಲಾಚೆ ನಿಂತೇ ನಿನ್ನ ಕಾಗದವನ್ನು ಓದಿ ಹೇಳಿದೆ. ಆಮೇಲೆ ಅಗುಳಿ ಸರಿಯಿತು. “ನಿಮ್ಮಪ್ಪ ನಿಜ್ವಾಗ್ಲೂ ಬತ್ತಾರಾ? ಇಲ್ಲ, ನೀನೇ ಬರ್ಕಂಡ್ ಬಂದ್ಯಾ?” ಅಂದಳು. ಅಂದರೆ ಒಪ್ಪಿದ್ದಾಳೆ.

ಭ್ರಮರಾಂಬ ಮೇಡಂ ಗುರುವಾರ ಬಂದಿದ್ದರು. ಮುಚ್ಚಿಡದೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತ ಕೂತರು.

“ಮನೆಗೆ ಕರ್ಕೊಂಡು ಹೋದ್ರೆ ಅವ್ರು ನಿನ್ನ ಕೇಸಲ್ಲ, ನೆಂಟ್ರು. ನಿನಗದು ಗೊತ್ತು ತಾನೇ?”

“ನೆಂಟ್ರೇ ಆಗ್ಲಿ ಬಿಡಿ ಮೇಡಂ. ಆ ಕೈಪಿಡಿ ಬರೆದವರ ಊರಲ್ಲಿ ಜಗುಲಿಯೇ ಇಲ್ಲ.”

“ಇಲ್ಲದಿರಬಹುದು. ಆದ್ರೆ ಆ ನಿಯಮ ಬರೆದವರು ಪೆದ್ದರಲ್ಲ ಕಣೇ. ನಾಳೆ ಇನ್ನೊಬ್ಬಳು, ನನ್ನನ್ನೂ ನಿಮ್ಮಪ್ಪನ ಮನೆಗೆ ಕರಿ ಅಂತಾಳೆ. ಎಷ್ಟು ಜನರನ್ನ ಕರೀತೀಯ? ಯಾರನ್ನ ಬಿಡ್ತೀಯ? ಬಿಟ್ಟವರ ಮುಖ ಹೇಗೆ ನೋಡ್ತೀಯ?”

ಆ ಪ್ರಶ್ನೆಯನ್ನು ಕೈಪಿಡಿಯ ಕೊನೆಯ ಪುಟದಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಈ ಕೆಲಸ ನನ್ನ ತರಬೇತಿಗೆ ಸೇರುವುದಿಲ್ಲವಂತೆ. ಹೊಸ ಕೇಸಿನ ಮನೆಯಿಂದ ಶುರು ಮಾಡಬೇಕು. ಮಾರ್ಚಿಗೆ ಬರಬೇಕಿದ್ದ ಸರ್ಟಿಫಿಕೇಟು ಬೇಸಿಗೆ ಕಳೆದು ಬರುತ್ತದೆ. ಸರಿ ಅಂದೆ. ಹೋಗುವಾಗ ಮೇಡಂ ಕೇಳಿದ್ದು ಒಂದೇ: “ನಿಮ್ಮನೇಲಿ ಬೆಳಿಗ್ಗೆ ನೀರು ಕಾಯಿಸೋರು ಯಾರಿದ್ದಾರೆ?”

ಅದನ್ನೇ ನಾನು ನಿನ್ನನ್ನು ಕೇಳುತ್ತಿದ್ದೇನೆ. ಮನೆಯ ಬೀಗ ತೆಗೆದು ಎಷ್ಟು ದಿನವಾಯಿತು? ಅಮ್ಮನ ಮಂಚದ ಮೇಲೆ ಏನು ಹೇರಿಟ್ಟಿದ್ದೀಯ? ಹದಿನೆಂಟರ ಶನಿವಾರ ಬನ್ನಿ. ಮರುದಿನ ಹೊಸ ಮನೆ ಗೊತ್ತುಮಾಡಲು ಮೇಡಂ ಬರುತ್ತಾರೆ. ನನಗೆ ನಿಮ್ಮ ಜೊತೆ ಬರಲು ಆಗುವುದಿಲ್ಲ.

ಮೌನಿಕಾ


ಹಿಂದೂಪುರ
21 ಜನವರಿ 2025

ಮೌನಿಕಾ,

ಎಲ್ಲ ಆಯಿತು. ನೀನು ನೋಡಿದ್ದನ್ನು ಬಿಟ್ಟು ಮಿಕ್ಕಿದ್ದು ಬರೆಯುತ್ತೇನೆ.

ಅವರ ಬಾಗಿಲಲ್ಲಿ ನಿಂತು “ನಮ್ಮನೇಗೆ ಬಂದು ನಿದ್ದೆ ಮಾಡ್ಕಂಡ್ ಹೋಗಮ್ಮಾ” ಅಂತ ನಾನು ಮೆಲ್ಲಗೆ ಹೇಳಿದೆ ಅಂದುಕೊಂಡಿದ್ದೆ. ಬೀದಿ ಕೊನೆಯ ಟೀ ಅಂಗಡಿಯವನು ಕೈಯಲ್ಲಿ ಲೋಟ ಹಿಡಿದು ಹೊರಗೆ ಬಂದದ್ದು ಅದಕ್ಕಂತೆ. ಬಸ್ಸಿನಲ್ಲಿ ಚಂದ್ರಕಲಾ ನಕ್ಕೂ ನಕ್ಕೂ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಪಲ್ಲೆವೆಲುಗು ಬಸ್ಸು ಊರೂರಿಗೂ ನಿಂತು ಬಂತು. ಸೋಮಂದೇಪಲ್ಲಿಯಲ್ಲಿ ಆ ತಾಯಿ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಅಲ್ಲಿಂದ ಬಸ್ಸು ಹೊರಡುವ ತನಕ ನೋಡುತ್ತಲೇ ಇದ್ದಳು.

ಮನೆಯನ್ನು ಹಿಂದಿನ ದಿನವೇ ಚಂದ್ರಕಲಾ ಗುಡಿಸಿದ್ದಳು. ಅಮ್ಮನ ಮಂಚದ ಮೇಲೆ ಖಾಲಿ ಗೋಣಿಚೀಲ ಹೇರಿಟ್ಟಿದ್ದೆ. ನಿನಗೆ ಹೇಗೆ ತಿಳಿಯಿತೋ. ಅವನ್ನು ಮಂಡಿಗೆ ಸಾಗಿಸಿದೆವು.

ಊಟವಾದ ಮೇಲೆ ನಾನು ಟವೆಲು ಹೆಗಲಿಗೆ ಹಾಕಿ ಮಂಡಿಗೆ ಹೊರಟೆ. ಗಂಗುಲಮ್ಮ ಏನೋ ಕೇಳಿದಳು. ಚಂದ್ರಕಲಾ ಏನೋ ಹೇಳಿದಳು. ಗಂಗುಲಮ್ಮ ಎದ್ದು ತನ್ನ ಕೈಚೀಲ ತೆಗೆದುಕೊಂಡು ಬಾಗಿಲ ಹತ್ತಿರ ಬಂದು ನಿಂತಳು. ನನಗೆ ಅರ್ಥವಾಗಲಿಲ್ಲ. ಚಂದ್ರಕಲಾ ನನ್ನ ಕಿವಿಗೆ ಬಾಯಿಟ್ಟು ಕೂಗಿದಳು: “ಕರದೋರೇ ಮನೇಲಿ ಮಲಗ್ದಿದ್ರೆ ನನ್ ನಿದ್ದೆ ಹೆಂಗಾಯ್ತದೆ ಅಂತಾಳೆ ಕಣಣ್ಣ. ನೀನ್ ಹೊರಗ್ ಹೋದ್ರೆ ಅವ್ಳೂ ಬಸ್ ಸ್ಟ್ಯಾಂಡಿಗೆ ಹೋಯ್ತಾಳಂತೆ!”

ಮಂಡಿಯಲ್ಲಿ ಮಾಲು ಕಾಯಬೇಕು ಅಂದೆ. ಆ ತಾಯಿ ನನ್ನನ್ನೇ ನೋಡುತ್ತಿದ್ದಳು. ಆಕೆಗೆ ಎಲ್ಲ ತಿಳಿದಿತ್ತು ಅನ್ನಿಸುತ್ತದೆ. ನೀನೇ ಹೇಳಿದ್ದೆಯಲ್ಲ, ಮೂರನೇ ದಿನಕ್ಕೆ ನಾನು ಬಾಗಿಲು ತೆಗೆದ ಕಥೆ.

ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡೆ. ಆಮೇಲೆ ಬೆಳಗಾಯಿತು. ಚಂದ್ರಕಲಾ ನೀರು ಕಾಯಿಸಿ ಗಂಗುಲಮ್ಮನ ತಲೆಗೆ ಎರೆದಳು. ಹೊಸ ಸೀರೆ ಕೊಟ್ಟಳು. ಹಂಡೆಯಲ್ಲಿ ಇನ್ನೂ ನೀರು ಉಳಿದಿತ್ತು. ಗಂಗುಲಮ್ಮ ನನ್ನ ಕಡೆ ಕೈ ತೋರಿಸಿ ಏನೋ ಅಂದಳು. ಏನಂದಳು ಅಂತ ನಾನು ಕೇಳಲಿಲ್ಲ. ಹೋಗಿ ಸ್ನಾನ ಮಾಡಿದೆ.

ಕಂದು ಸ್ವೆಟರು ಸಿಕ್ಕಿತು.

ಇಂತಿ,
ಅಮರೇಶಪ್ಪ


ಕಲ್ಯಾಣದುರ್ಗ
9 ಫೆಬ್ರವರಿ 2025

ಅಪ್ಪಾ,

ಶ್ರೀಲತಾಳಿಗೆ ಹೆಣ್ಣುಮಗು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ.

ಆಸ್ಪತ್ರೆಯಿಂದ ಮನೆಗೆ ತಂದ ದಿನ ಗಂಗುಲಮ್ಮ ನೀವು ಕೊಟ್ಟ ಸೀರೆ ಉಟ್ಟು ಹೊರಟಳು. ನನ್ನನ್ನು ಕರೆಯಲಿಲ್ಲ. ನಾನೇ ಹಿಂದೆ ಹೋದೆ. ಜಗುಲಿಯ ಹತ್ತಿರ ಒಂದು ಕ್ಷಣ ನಿಂತಳು. ಶಿವಲಕ್ಷ್ಮಮ್ಮ ಬಾಗಿಲಿಗೆ ಬಂದು, “ನಿದ್ದೆ ಆಯ್ತಂತಲ್ಲ ಅಕ್ಕಾ. ಆವಯ್ಯ ಕರೆದಿದ್ದು ನಮ್ ಅಡುಗೆಮನೇಗೇ ಕೇಳ್ಸ್ತು. ಬಾ, ನೀರು ಕಾದೈತೆ,” ಅಂದಳು. ಮೂರನೆಯವರಿಗೆ ಕೇಳಿಸಬಾರದು ಅಂತ ನನ್ನ ಕೈಪಿಡಿ. ನಿನ್ನ ಕಿವಿಯ ದೆಸೆಯಿಂದ ಬೀದಿಯೆಲ್ಲ ಸಾಕ್ಷಿ.

ಗಂಗುಲಮ್ಮ ಒಳಗೆ ಹೋಗಿ, ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಎರೆದಳು. ಮಗು ಕಿರುಚಿತು. ಶ್ರೀಲತಾ ಗೋಡೆ ಕಡೆ ತಿರುಗಿ ಮಲಗಿ ಅಳುತ್ತಿದ್ದಳು. ನಾನು ಹೊಸ್ತಿಲ ಹೊರಗೇ ನಿಂತಿದ್ದೆ. “ಏನೇ, ನಿಂಗ್ಯಾರ್ ಕರೀಬೇಕು? ಟವಲ್ ಹಿಡ್ಕ ಬಾ,” ಅಂದಳು ಗಂಗುಲಮ್ಮ.

ನಾನು ನಿದ್ದೆಯನ್ನು ನಂಬುವುದಿಲ್ಲ. ಇವತ್ತಿಗೂ ಇಲ್ಲ. ಕರೆಯಲು ಯಾರೂ ಇಲ್ಲದ ಹೆಂಗಸು ಗೋಡೆಗೆ ಒರಗಿ ಮುದುಕಿಯಾಗಬೇಕು ಅನ್ನುವ ಪದ್ಧತಿ ಒಂದು ದಿನ ಹೋಗಲೇಬೇಕು, ಅದರ ಮೇಲೆ ಜಗಳ ಬಿಡುವುದಿಲ್ಲ. ಆದರೆ ಅಮ್ಮ ಹೋದ ಮೂರನೇ ದಿನ ಕಾಲೇಜಿನಲ್ಲಿ ಏನು ಪಾಠವಾಯಿತು ಅಂತ ನೆನಪು ಮಾಡಿಕೊಳ್ಳಲು ಹೋದೆ. ಒಂದಕ್ಷರವೂ ನೆನಪಿಲ್ಲ ಅಪ್ಪಾ.

ಕೇಸಿಗೆ ಹೊಸ ಮನೆ ಸಿಕ್ಕಿದೆ. ಮೊದಲ ದಿನ ಹೋಗಿ, ಕೇಳುವ ಮೊದಲೇ ನಿನ್ನ ಹೆಸರು ಹೇಳಿದೆ.

ಮೌನಿಕಾ


ಹಿಂದೂಪುರ
18 ಫೆಬ್ರವರಿ 2025

ಮೌನೀ,

ಶಿವರಾತ್ರಿ ಹತ್ತಿರ ಬಂತು. ಈಗ ನಿಜವಾಗಿಯೂ ಮಾಲು ಬರುತ್ತಿದೆ. ರಾತ್ರಿ ಕಾವಲಿಗೆ ಒಬ್ಬನನ್ನು ಇಟ್ಟಿದ್ದೇನೆ.

ಇನ್ನು ಮುಂದೆ ಕಾಗದ ಮನೆ ವಿಳಾಸಕ್ಕೆ ಹಾಕು.

ಅಪ್ಪ